ಕಲ್ಲಿನ ಜೊತೆ ಚೀಟಿ ಇರಲಿ

ಖನಿಜಗಳ ಬಗ್ಗೆ ಏನು ಬೇಕಾದರೂ ಕೇಳಿ ಎಂದು ಹೋದ ತಿಂಗಳು ಬರೆದಿದ್ದೆ. ಪತ್ರಗಳು ಚೆನ್ನಾಗಿಯೇ ಬಂದಿವೆ. ಕಲ್ಲು ನೋಡುತ್ತಲೇ ಕೆಲಸದಿಂದ ನಿವೃತ್ತಳಾದ ನನಗೆ ಇದಕ್ಕಿಂತ ಖುಷಿ ಬೇರೆ ಬೇಕಾ?

ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಹೊಸ ಖನಿಜ ಕಂಡುಹಿಡಿಯುವುದನ್ನೇ ವೃತ್ತಿ ಮಾಡಿಕೊಳ್ಳಬಹುದಾ? ಅದಕ್ಕೆ ಏನು ಓದಬೇಕು?
— ವಿದ್ಯಾರ್ಥಿನಿ, ಹಿರಿಯೂರು

ಮಾಡಿಕೊಳ್ಳಬಹುದಮ್ಮ. ಆದರೆ ಅದೇ ಹೆಸರಿನ ಹುದ್ದೆ ಎಲ್ಲೂ ಇಲ್ಲ. ಕಾಲೇಜಿನಲ್ಲಿ ಪಾಠ ಮಾಡುತ್ತಾ, ಮ್ಯೂಸಿಯಂನ ಕಲ್ಲುಗಳನ್ನು ನೋಡಿಕೊಳ್ಳುತ್ತಾ, ಇಲ್ಲವೇ ಸರ್ಕಾರಿ ಪ್ರಯೋಗಾಲಯದಲ್ಲಿ ಅದಿರು ಪರೀಕ್ಷೆ ಮಾಡುತ್ತಾ ಇರುವವರಿಗೆ ಹೊಸದು ಸಿಗುತ್ತದೆ. ಬಿ.ಎಸ್‌ಸಿ.ಯಲ್ಲಿ ಭೂವಿಜ್ಞಾನ ತೆಗೆದುಕೋ, ಕೆಮಿಸ್ಟ್ರಿ ಮಾತ್ರ ಕೈಬಿಡಬೇಡ. ಎಂ.ಎಸ್‌ಸಿ.ಗೆ ಮೈಸೂರು, ಬೆಂಗಳೂರು, ಧಾರವಾಡ ಮೂರೂ ಕಡೆ ವಿಭಾಗಗಳಿವೆ. ಐಐಟಿಗೆ ಜಾಮ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಲು ಯುಪಿಎಸ್‌ಸಿ ನಡೆಸುವ ಪರೀಕ್ಷೆಯೇ ಇದೆ.

ಕೆಲಸ ಹೇಗಿರುತ್ತದೆ ಅಂತಲೂ ಹೇಳುತ್ತೇನೆ. ಸುತ್ತಿಗೆ ಹಿಡಿದು ಬೆಟ್ಟ ಹತ್ತುವುದು ಅದರಲ್ಲಿ ಸ್ವಲ್ಪ ಭಾಗ ಅಷ್ಟೇ. ಕಲ್ಲನ್ನು ಕೊಯ್ದು, ಕನ್ನಡಿಯ ಹಾಗೆ ಹೊಳೆಯುವವರೆಗೆ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಡುತ್ತೇವೆ. ನೂರಾರು ಕಣ ನೋಡಿದರೆ ಎಲ್ಲವೂ ಪರಿಚಯದವೇ. ಎಲ್ಲೋ ಒಂದು ಕಣದ ಬಣ್ಣ, ಅದು ಬೆಳಕು ಚೆಲ್ಲುವ ರೀತಿ ಯಾವುದಕ್ಕೂ ಹೊಂದುವುದಿಲ್ಲ. ಅದನ್ನು ಎಲೆಕ್ಟ್ರಾನ್ ಮೈಕ್ರೋಪ್ರೋಬ್‌ಗೆ ಹಾಕಿ, ಯಾವ ಮೂಲವಸ್ತು ಎಷ್ಟಿದೆ ಎಂದು ಅಳೆಯುತ್ತೇವೆ. ಎಲ್ಲ ಕೂಡಿಸಿದಾಗ ಮೊತ್ತ ಶೇಕಡಾ ನೂರರ ಹತ್ತಿರ ಬರಬೇಕು. 90 ಬಂತು ಅಂದರೆ ಉಳಿದ 10 ಎಲ್ಲಿ ಹೋಯಿತು? ನೀರಿರಬಹುದು, ಲಿಥಿಯಂ ಇರಬಹುದು. ಜಲಜನಕ, ಲಿಥಿಯಂನಂಥ ಹಗುರ ಮೂಲವಸ್ತುಗಳು ಆ ಯಂತ್ರಕ್ಕೆ ಕಾಣುವುದಿಲ್ಲ. ಅಥವಾ ಕಲ್ಲನ್ನು ಸರಿಯಾಗಿ ಉಜ್ಜಿಲ್ಲ ಅಂತಲೂ ಇರಬಹುದು.

ಆಮೇಲೆ ಎಕ್ಸ್-ರೇ. ಪರಮಾಣುಗಳು ಒಳಗೆ ಹೇಗೆ ಜೋಡಣೆಯಾಗಿವೆ ಎಂದು ತಿಳಿಯಲು ಒಂದೇ ಒಂದು ಹರಳು ಬೇಕು. ಅದರ ಗಾತ್ರ ಎಷ್ಟೋ ಸಲ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಸೂಜಿ ಮೊನೆಯಿಂದ ಬಿಡಿಸಿ, ಗಾಜಿನ ಎಳೆಯ ತುದಿಗೆ ಒಂದು ಚೂರು ಅಂಟಿನಲ್ಲಿ ಕೂರಿಸಬೇಕು. ನಮ್ಮ ಪ್ರಯೋಗಾಲಯದಲ್ಲಿ ಆ ಹೊತ್ತಿಗೆ ಫ್ಯಾನ್ ಬಂದ್, ಕಿಟಕಿ ಬಂದ್, ಮಾತೂ ಬಂದ್. ಬೇಸಿಗೆಯಲ್ಲಿ ಬೆವರು ಕಣ್ಣಿಗೆ ಇಳಿಯುತ್ತಿದ್ದರೂ ಕೈ ಅಲ್ಲಾಡಬಾರದು. ಹರಳು ಕೂತ ಮೇಲೆ ಬರುವ ಸಮಾಧಾನ ಇದೆಯಲ್ಲ, ಅದಕ್ಕಾಗಿಯೇ ಈ ಕೆಲಸ ಮಾಡಬಹುದು ಅನ್ನಿಸುತ್ತಿತ್ತು.

ಇಷ್ಟಾದ ಮೇಲೆ ಅಂತರರಾಷ್ಟ್ರೀಯ ಖನಿಜವಿಜ್ಞಾನ ಸಂಘದ ಆಯೋಗಕ್ಕೆ ಪ್ರಸ್ತಾವ ಹೋಗುತ್ತದೆ. ಬೇರೆ ಬೇರೆ ದೇಶಗಳ ಸದಸ್ಯರು ಓದಿ ಮತ ಹಾಕುತ್ತಾರೆ. ಮೂರರಲ್ಲಿ ಎರಡು ಪಾಲು ಒಪ್ಪಬೇಕು. ಒಪ್ಪಿಗೆ ಸಿಕ್ಕಿ ಎರಡು ವರ್ಷದೊಳಗೆ ಪೂರ್ತಿ ವಿವರಣೆ ಪ್ರಕಟವಾಗಬೇಕು. ಅಳತೆ ಮಾಡಿದ ಅದೇ ಮಾದರಿ ಸಾರ್ವಜನಿಕ ಮ್ಯೂಸಿಯಂ ಸೇರಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ನಿಯಮ ಈ ಕೊನೆಯದು. ನಾಳೆ ಇನ್ನೊಬ್ಬರು ಬಂದು 'ನೀವು ಹೇಳಿದ್ದು ಸರಿಯಿಲ್ಲ' ಅನ್ನಬೇಕಾದರೂ ಆ ಕಲ್ಲು ಅವರಿಗೆ ಸಿಗಬೇಕಲ್ವಾ?

ಈಗ ಒಪ್ಪಿಗೆ ಪಡೆದಿರುವ ಖನಿಜಗಳು 6,000ಕ್ಕಿಂತ ಜಾಸ್ತಿ. ಪ್ರತಿವರ್ಷ ಸುಮಾರು ನೂರು ಸೇರುತ್ತಲೇ ಇವೆ. ಲಾಸ್ ಏಂಜಲೀಸ್ ಮ್ಯೂಸಿಯಂನ ಆಂಟನಿ ಕ್ಯಾಂಪ್ಫ್ ಮತ್ತು ಅವರ ಜೊತೆಗಾರರು ಅಮೆರಿಕದ ಯೂಟಾದಲ್ಲಿ ಹಳೆಯ ಯುರೇನಿಯಂ ಗಣಿಗಳ ಗೋಡೆ ನೋಡಿದರು. ಅಲ್ಲಿ ಬೆಳೆದ ಉಪ್ಪಿನಂಥ ಹರಳುಗಳಿಂದ ಒಂದಾದ ಮೇಲೊಂದು ಹೊಸ ಖನಿಜ ವಿವರಿಸಿದರು. ಬ್ಲೂ ಲಿಜರ್ಡ್ ಎಂಬ ಗಣಿಯ ಹೆಸರೇ ಒಂದಕ್ಕೆ ಬಂತು, ಬ್ಲೂಲಿಜರ್ಡೈಟ್ ಅಂತ. ಮಾಸ್ಕೋದ ಇಗೋರ್ ಪೆಕೋವ್ ಕಮ್ಚಟ್ಕಾದ ತೋಲ್‌ಬಾಚಿಕ್ ಜ್ವಾಲಾಮುಖಿಯ ಬಿಸಿ ಹಬೆಯ ಬಿರುಕುಗಳಲ್ಲಿ ಹುಡುಕಿದವರು. ಕೈಬಿಟ್ಟ ಗಣಿ, ಆರದ ಬಿರುಕು. ಎಲ್ಲರೂ ದಾಟಿ ಹೋಗುವ ಜಾಗಗಳೇ ಇವು.

ಕೋಲಾರದ ಹೆಸರಿನಲ್ಲಿ ಒಂದು ಖನಿಜ ಇದೆ ಎಂದು ಕೇಳಿದ್ದೇನೆ. ನಿಜವೇ? ಮಕ್ಕಳಿಗೆ ಹೇಳಬೇಕು.
— ಪ್ರೌಢಶಾಲಾ ಶಿಕ್ಷಕರು, ಕೆಜಿಎಫ್

ನಿಜ. ಒಂದಲ್ಲ, ನಿಮ್ಮ ಊರಿನಿಂದ ಎರಡು ಖನಿಜಗಳು ಒಟ್ಟಿಗೇ ಲೋಕಕ್ಕೆ ಬಂದವು. 1985ರಲ್ಲಿ ಕೆನಡಾದ ಖನಿಜವಿಜ್ಞಾನ ಪತ್ರಿಕೆಯಲ್ಲಿ ರಷ್ಯಾದ ಮತ್ತು ನಮ್ಮ ವಿಜ್ಞಾನಿಗಳು ಸೇರಿ ಅವನ್ನು ವಿವರಿಸಿದರು. ಒಂದು ಕೋಲಾರೈಟ್. ಸೀಸ, ಟೆಲ್ಲುರಿಯಂ, ಕ್ಲೋರಿನ್ ಸೇರಿ ಆದದ್ದು. ಇನ್ನೊಂದು ರಾಧಾಕೃಷ್ಣೈಟ್. ಅದರಲ್ಲೂ ಅವೇ ಮೂರು, ಟೆಲ್ಲುರಿಯಂ ಪಾಲು ಜಾಸ್ತಿ, ಜೊತೆಗೆ ಸ್ವಲ್ಪ ಗಂಧಕ. ಚಿನ್ನದ ಅದಿರಿನೊಳಗಿನ ಕಣಗಳು ಇವು. ಬರಿಗಣ್ಣಿಗೆ ಕಾಣುವಂಥವಲ್ಲ.

ಮಕ್ಕಳಿಗೆ ಎರಡನೆಯ ಹೆಸರಿನ ಕತೆ ತಪ್ಪದೆ ಹೇಳಿ. ಅದು ಬಿ. ಪಿ. ರಾಧಾಕೃಷ್ಣ ಅವರ ಹೆಸರು. ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದವರು. ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರು. ಕನ್ನಡದಲ್ಲೂ ಬರೆದರು. 2012ರಲ್ಲಿ ತೀರಿಕೊಂಡರು. ಅಂದರೆ ಖನಿಜಕ್ಕೆ ಅವರ ಹೆಸರು ಬಂದಾಗ ಅವರು ನಮ್ಮ ನಡುವೆಯೇ ಇದ್ದರು. ಕರ್ನಾಟಕದ ಕಲ್ಲಿಗೆ ಕರ್ನಾಟಕದ ಕಲ್ಲುಗಳನ್ನೇ ಜೀವನವಿಡೀ ಓದಿದವರ ಹೆಸರು. ನನಗೆ ಇದು ಬಹಳ ಹೆಮ್ಮೆಯ ವಿಷಯ.

ಇನ್ನೊಂದು ಮಾತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. 2001ರ ಫೆಬ್ರವರಿ 28ಕ್ಕೆ ಕೆಜಿಎಫ್‌ನಲ್ಲಿ ಗಣಿಗಾರಿಕೆ ನಿಂತಿತು. ಈಗ ಕೆಳಗೆಲ್ಲ ನೀರು. ಆ ಆಳದಿಂದ ಹೊಸ ಮಾದರಿ ತರುವ ಹಾಗಿಲ್ಲ. ಮೇಲೆ ಬಂದು ಯಾರದೋ ಡ್ರಾಯರಿನಲ್ಲಿ, ಯಾವುದೋ ಪೆಟ್ಟಿಗೆಯಲ್ಲಿ ಇರುವ ಕಲ್ಲುಗಳೇ ಉಳಿದಿರುವ ಆಸ್ತಿ. ಒಂದು ಕಚೇರಿ ಬೇರೆ ಕಟ್ಟಡಕ್ಕೆ ಹೋಗುವಾಗ ಇಂಥ ಪೆಟ್ಟಿಗೆಗಳ ಗತಿ ಏನಾಯಿತು ಎಂದು ನಾನೇ ನೋಡಿದ್ದೇನೆ. ಚೀಟಿ ಒಂದು ಕಡೆ, ಕಲ್ಲು ಒಂದು ಕಡೆ. ಯಾವ ಗಣಿ, ಎಷ್ಟು ಅಡಿ ಆಳ, ಯಾವ ವರ್ಷ ಎಲ್ಲ ಅಳಿಸಿಹೋಯಿತು. ಕೊನೆಗೆ ಜಲ್ಲಿಯ ಜೊತೆ ಸುರಿದರು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ನಿಮ್ಮ ಮಕ್ಕಳ ಮನೆಗಳಲ್ಲಿ ಅಜ್ಜ ತಂದ ಕಲ್ಲುಗಳಿದ್ದರೆ, ಯಾವ ಶಾಫ್ಟಿನದು, ಯಾವ ಕಾಲದ್ದು ಎಂದು ಹಿರಿಯರನ್ನು ಕೇಳಿ ಬರೆಸಿಡಿ. ಕೇಳಿದರೆ ಹೇಳುವವರು ಇನ್ನೂ ಇದ್ದಾರೆ.

ಹಳೆಯ ಪುಸ್ತಕವೊಂದರಲ್ಲಿ 'ಬಾಬಾಬುಡನೈಟ್' ಎಂಬ ಖನಿಜದ ಹೆಸರು ನೋಡಿದೆ. ಈಗ ಎಲ್ಲೂ ಕಾಣುವುದಿಲ್ಲವಲ್ಲ, ಯಾಕೆ?
— ಕಾಫಿ ಬೆಳೆಗಾರರು, ಚಿಕ್ಕಮಗಳೂರು

ನಿಮ್ಮ ಬಾಬಾಬುಡನ್ ಗಿರಿಯ ಕಬ್ಬಿಣದ ಪಟ್ಟೆ ಕಲ್ಲಿನಲ್ಲಿ ನೀಲಿ ಬಣ್ಣದ ಒಂದು ಖನಿಜ ಇದೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಸ್ಮೀತ್ ಅದಕ್ಕೆ 1908ರ ಸುಮಾರಿಗೆ ಆ ಹೆಸರಿಟ್ಟರು. ಆಂಫಿಬೋಲ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು ಅದು. ಆ ಕುಟುಂಬದಲ್ಲಿ ಕಬ್ಬಿಣ ಸ್ವಲ್ಪ ಹೆಚ್ಚು, ಮ್ಯಾಗ್ನೀಸಿಯಂ ಸ್ವಲ್ಪ ಕಡಿಮೆ ಆದರೆ ಸಾಕು, ಹಿಂದಿನವರು ಬೇರೆ ಹೆಸರಿಡುತ್ತಿದ್ದರು. 1978ರಲ್ಲಿ ಅಂತರರಾಷ್ಟ್ರೀಯ ಸಮಿತಿ ಆಂಫಿಬೋಲ್ ಹೆಸರುಗಳ ಪಟ್ಟಿಯನ್ನೇ ಹೊಸದಾಗಿ ಮಾಡಿ, ಬೇಡದ ಎಷ್ಟೋ ಹೆಸರುಗಳನ್ನು ತೆಗೆಯಿತು. ಇವತ್ತಿನ ಲೆಕ್ಕದಲ್ಲಿ ನಿಮ್ಮದು ಮ್ಯಾಗ್ನೀಸಿಯೋ-ರೀಬೆಕೈಟ್. ಬೇಜಾರು ನನಗೂ ಇದೆ. ಆದರೂ ಆ ತೀರ್ಮಾನ ಸರಿ. ಒಂದೇ ವಸ್ತುವಿಗೆ ಹತ್ತು ಹೆಸರಿದ್ದರೆ ಓದುವವರಿಗೆ ತೊಂದರೆ. ಗಿರಿಯ ಕಲ್ಲಂತೂ ಅಲ್ಲೇ ಇದೆ, ಹೋಗಿ ನೋಡಿ.

ಕಣ್ಣಿಗೂ ಕಾಣದ ಚೂರಿಗೆ ಹೆಸರಿಟ್ಟು ಯಾರಿಗೆ ಏನು ಲಾಭ?
— ನಿವೃತ್ತ ಬ್ಯಾಂಕ್ ನೌಕರರು, ಹುಬ್ಬಳ್ಳಿ

ನ್ಯಾಯವಾದ ಪ್ರಶ್ನೆ. ಭೂಮಿಯೊಳಗೆ ಎಲ್ಲಕ್ಕಿಂತ ಜಾಸ್ತಿ ಇರುವ ಖನಿಜಕ್ಕೆ 2014ರವರೆಗೆ ಹೆಸರೇ ಇರಲಿಲ್ಲ ಎಂದರೆ ನಂಬುತ್ತೀರಾ? ಅದು ಇರುವುದು 660 ಕಿಲೋಮೀಟರಿಗಿಂತ ಕೆಳಗೆ. ಪ್ರಯೋಗಾಲಯದಲ್ಲಿ ಮಾಡಿ ನೋಡಿದ್ದರು. ಆದರೆ ಪ್ರಕೃತಿಯಲ್ಲಿ ಕಂಡು ಅಳೆಯದೆ ಹೆಸರಿಡುವಂತಿಲ್ಲ. ಕೊನೆಗೆ ಅದು ಸಿಕ್ಕಿದ್ದು, ಆಕಾಶದಲ್ಲಿ ಡಿಕ್ಕಿಯಾಗಿ ಅಂಥದೇ ಒತ್ತಡಕ್ಕೆ ಒಳಗಾಗಿ, 1879ರಲ್ಲಿ ಆಸ್ಟ್ರೇಲಿಯಾದ ಟೆನ್‌ಹ್ಯಾಮ್‌ನಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ. ಬ್ರಿಜ್‌ಮನೈಟ್ ಎಂದು ಹೆಸರಾಯಿತು. 2012ರಲ್ಲಿ ನಾಗಪುರದ ಹತ್ತಿರ ಕಾಟೋಲ್‌ನಲ್ಲಿ ಬಿದ್ದ ಉಲ್ಕಾಶಿಲೆಯಲ್ಲೂ ಅದು ಇದೆ ಎಂದು ಖರಗ್‌ಪುರ ಐಐಟಿಯವರು ಮತ್ತು ಜೊತೆಗಾರರು 2021ರಲ್ಲಿ ತೋರಿಸಿದರು. ನಮ್ಮ ಕಾಲ ಕೆಳಗಿನ ಭೂಮಿ ಯಾವುದರಿಂದ ಆಗಿದೆ ಎಂದು ಗೊತ್ತಾಗಲು ಅಂಥ ಚೂರುಗಳೇ ಬೇಕಾದವು.

ದುಡ್ಡಿನ ಲೆಕ್ಕ ಬೇಕಾದರೆ ಸರ್ಬಿಯಾದ ಜಡರೈಟ್ ನೋಡಿ. 2007ರಲ್ಲಿ ವಿವರಣೆ ಪ್ರಕಟವಾದ ಖನಿಜ ಅದು. ಲಿಥಿಯಂ ಇದೆ ಎಂದು ಅದರ ಗಣಿಗಾಗಿ ದೊಡ್ಡ ಜಗಳವೇ ನಡೆಯಿತು.

ನಮ್ಮ ಹೊಲದಲ್ಲಿ ಮಿಂಚುವ ಹಸಿರು ಕಲ್ಲು ಸಿಕ್ಕಿದೆ. ಹೊಸದಾಗಿದ್ದರೆ ನನ್ನ ಹೆಸರು ಇಡಬಹುದಾ?
— ರೈತರು, ಹೊಳೆನರಸೀಪುರ

ನಿಮ್ಮ ಹೆಸರು ನೀವೇ ಇಡುವಂತಿಲ್ಲ. ಬೇರೆಯವರು ಇಡಬಹುದು, ನೀವು ಒಪ್ಪಬೇಕು. ಸಿ. ವಿ. ರಾಮನ್ ಹೆಸರಿನ ರಾಮನೈಟ್ ಕೂಡ ಹಾಗೇ, ಅವರು ಹೋಗಿ ಎಷ್ಟೋ ವರ್ಷದ ಮೇಲೆ ಬೇರೆಯವರು ಇಟ್ಟದ್ದು. ಅದನ್ನು ಗುರುತಿಸಿದ್ದೂ ರಾಮನ್ ಪರಿಣಾಮದಿಂದಲೇ.

ನಿಮ್ಮ ಕಡೆ ಮಿಂಚುವ ಹಸಿರು ಕಲ್ಲು ಎಂದರೆ ಬಹುಶಃ ಫುಕ್ಸೈಟ್, ಅಂದರೆ ಕ್ರೋಮಿಯಂ ಇರುವ ಅಭ್ರಕ. ಉಗುರಿನಿಂದ ಕೆದಕಿ. ತೆಳ್ಳಗೆ ಹಾಳೆ ಹಾಳೆಯಾಗಿ ಎದ್ದರೆ ಹೆಚ್ಚುಕಡಿಮೆ ಅದೇ. ಫೋಟೋ ಕಳಿಸಬೇಡಿ, ಫೋಟೋ ನೋಡಿ ಯಾರೂ ಹೇಳಲಾರರು. ಮುಷ್ಟಿಯಷ್ಟು ಕಲ್ಲನ್ನು ಮೈಸೂರಿನ ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗಕ್ಕೆ ತೆಗೆದುಕೊಂಡು ಹೋಗಿ. ಊರು, ಸರ್ವೆ ನಂಬರು, ಎಷ್ಟು ಆಳದಲ್ಲಿ ಸಿಕ್ಕಿತು, ಯಾವ ದಿನ, ಇಷ್ಟನ್ನು ಪೆನ್ಸಿಲಿನಲ್ಲಿ ಬರೆದು ಕಲ್ಲಿನ ಜೊತೆಯೇ ಕಟ್ಟಿ. ಪೆನ್ನಿನಲ್ಲಿ ಬೇಡ, ಒದ್ದೆಯಾದರೆ ಶಾಯಿ ಹರಡುತ್ತದೆ.