‘ಹಿಮದ್ವೀಪದ ಅಂಚೆಯಣ್ಣ’ ಕಥೆಯ ಬಗ್ಗೆ

ಪ್ರಿಯ ಲೇಖಕರೇ,

ನಿಮ್ಮ ‘ಹಿಮದ್ವೀಪದ ಅಂಚೆಯಣ್ಣ’ ಓದಿದೆ. ಈಗಿರುವಂತೆ ಇದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ವಿಷಯ ಬಿಡಲು ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅಂಟಾರ್ಕ್ಟಿಕಾದ ಅಂಚಿನಲ್ಲಿರುವ ಗೂಡಿಯರ್ ಎಂಬ ಪುಟ್ಟ ಬಂಡೆ ದ್ವೀಪ. ಅಲ್ಲಿನ ಪೋರ್ಟ್ ಲಾಕ್‌ರಾಯ್ ಅಂಚೆ ಕಚೇರಿ. ನಿಮ್ಮ ನಾಯಕ ಅಲ್ಲಿ ಆರು ತಿಂಗಳ ಕತ್ತಲೆಯಲ್ಲಿ ಒಬ್ಬನೇ ಕೂತು ಕಾಗದಕ್ಕೆ ಕಾಯುತ್ತಾನೆ. ಮೂರನೇ ಪುಟದಲ್ಲಿ ಹಿಮಕರಡಿ ಬೇರೆ ಬರುತ್ತದೆ. ಹಿಮಕರಡಿ ಇರುವುದು ಉತ್ತರ ಧ್ರುವದ ಕಡೆ. ಹೊಡೆದುಹಾಕಿ, ಮುಗಿಯಿತು.

ಕತ್ತಲೆಯನ್ನು ಅಷ್ಟು ಸುಲಭವಾಗಿ ತೆಗೆಯಲಾಗದು, ಕಥೆ ನಿಂತಿರುವುದೇ ಅದರ ಮೇಲೆ. ಆದರೆ ಆ ಅಂಚೆ ಕಚೇರಿ ತೆರೆದಿರುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ, ಅಲ್ಲಿನ ಬೇಸಿಗೆಯಲ್ಲಿ. ಡಿಸೆಂಬರ್‌ನಲ್ಲಂತೂ ರಾತ್ರಿ ಸರಿಯಾಗಿ ಕತ್ತಲಾಗುವುದೇ ಇಲ್ಲ. ಕೆಲಸಕ್ಕೆ ಒಂದು ಸಣ್ಣ ತಂಡವೇ ಇರುತ್ತದೆ. ಪ್ರವಾಸಿ ಹಡಗುಗಳು ಬರುತ್ತಲೇ ಇರುತ್ತವೆ. ಹತ್ತಾರು ಸಾವಿರ ಪೋಸ್ಟ್‌ಕಾರ್ಡ್‌ಗಳಿಗೆ ಕೈಯಲ್ಲೇ ಮುದ್ರೆ ಒತ್ತಬೇಕು. ನಲ್ಲಿ ನೀರಿಲ್ಲ, ಸ್ನಾನ ಬೇಕೆಂದರೆ ಅಲ್ಲಿಗೆ ಬಂದ ಹಡಗಿನವರೇ ಗತಿ. ಕಾಗದಕ್ಕೆ ಕಾಯುವವನ ಕಥೆ ನಾವು ಬೇಕಾದಷ್ಟು ಓದಿದ್ದೇವೆ. ದಿನವಿಡೀ ಬೇರೆಯವರ ಕಾಗದಕ್ಕೆ ಮುದ್ರೆ ಒತ್ತಿ, ಅಪರಿಚಿತರನ್ನು ‘ಇವತ್ತು ಸ್ನಾನ ಮಾಡಬಹುದಾ’ ಎಂದು ಕೇಳುವವನ ಕಥೆ ಓದಿಲ್ಲ.

‘ನೀರವ ಮೌನ’ ಪುಟಕ್ಕೊಂದು ಸಲ ಬರುತ್ತದೆ. ಅಲ್ಲಿ ನೂರಾರು ಜೆಂಟೂ ಪೆಂಗ್ವಿನ್‌ಗಳಿವೆ ಸ್ವಾಮಿ! ಗೂಡಿಗೆ ಸಣ್ಣ ಕಲ್ಲು ಜೋಡಿಸುತ್ತವೆ, ಪಕ್ಕದ ಗೂಡಿನದನ್ನು ಕದಿಯುತ್ತವೆ, ಜಗಳ ಮಾಡುತ್ತವೆ. ಕಾಲಿಟ್ಟಲ್ಲೆಲ್ಲ ಹಿಕ್ಕೆ. ನಿಮ್ಮ ನಾಯಕನಿಗೆ ಕಿವಿಯೂ ಇಲ್ಲ, ಮೂಗೂ ಇಲ್ಲ.

ಒಂಟಿ ಚಳಿಗಾಲವೇ ಬೇಕೆಂದರೆ ಕಥೆಯನ್ನು 1950ರ ದಶಕಕ್ಕೆ ಒಯ್ಯಿರಿ. ಬ್ರಿಟಿಷರು 1944ರಲ್ಲಿ, ಯುದ್ಧದ ನಡುವೆ ಗುಟ್ಟಾಗಿ ಕಟ್ಟಿದ ನೆಲೆ ಅದು. 1962ರಲ್ಲಿ ಮುಚ್ಚಿತು, ಈಗಿನಂತೆ ಮತ್ತೆ ತೆರೆದದ್ದು ಎಷ್ಟೋ ವರ್ಷಗಳ ಮೇಲೆ. ವಾತಾವರಣದ ಮೇಲ್ಪದರ ಅಳೆಯುತ್ತಾ ಅಲ್ಲಿ ಚಳಿಗಾಲ ಕಳೆದವರಿದ್ದರು. ಅವರಲ್ಲೊಬ್ಬ ಗೋಡೆ ಮೇಲೆ ಸಿನಿಮಾ ನಟಿಯರ ಚಿತ್ರ ಬಿಡಿಸಿದ. ಒಂಟಿತನದ ಬಗ್ಗೆ ನಿಮ್ಮ ನಾಲ್ಕು ಪುಟ ಹೇಳದ್ದನ್ನು ಆ ಗೋಡೆ ಹೇಳುತ್ತದೆ, ಅಲ್ವಾ? ಆದರೆ ಆಗಲೂ ಆರು ತಿಂಗಳ ಕತ್ತಲೆ ಸಿಗದು. ದ್ವೀಪ ಅಂಟಾರ್ಕ್ಟಿಕ್ ವೃತ್ತದ ಹೊರಗಿದೆ, ಜೂನ್‌ನಲ್ಲೂ ಕೆಲವು ಗಂಟೆ ಬೆಳಕಿರುತ್ತದೆ. ಪೆಂಗ್ವಿನ್ ಗೂಡುಗಳನ್ನೂ ಬಿಡಬೇಕಾಗುತ್ತದೆ, ಅವು ಅಲ್ಲಿ ನೆಲೆಯಾಗಿದ್ದು 1980ರ ದಶಕದಲ್ಲಿ.

ನನ್ನನ್ನು ಕೇಳಿದರೆ ಈಗಿನ ಕಾಲವನ್ನೇ ಇಟ್ಟುಕೊಳ್ಳಿ. ಹಡಗಿನ ಅಜ್ಜಿಯೊಬ್ಬರು ತಮಗೆ ತಾವೇ ಕಾರ್ಡ್ ಬರೆದುಕೊಳ್ಳುವ ಪ್ಯಾರಾ ಇದೆಯಲ್ಲ, ಅದು ಚೆನ್ನಾಗಿದೆ. ಅಲ್ಲಿಂದ ಶುರು ಮಾಡಿ. ಹಿಂದಿನದನ್ನೆಲ್ಲ ತೆಗೆದು, ಎಂಟು ಪುಟ ಮೀರದಂತೆ ಕಳಿಸಿ. ಮತ್ತೆ ಓದುತ್ತೇನೆ.

ಇಂತಿ,
ಸಂಪಾದಕ