ಇಲ್ಲೆಜಿಬಲ್, ಅನ್‌ರೀಡಬಲ್ ಎರಡೂ ಒಂದೇನಾ? ಯಾವ್ದು ಜಾಸ್ತಿ ಫಾರ್ಮಲ್?

ಫಾರ್ಮಲ್ ಯಾವ್ದು ಅಂತ ನೋಡೋದೇ ತಪ್ಪು ದಾರಿ. ನಾನೂ ಹಾಗೇ ನೋಡಿ, ನನ್ನನ್ನ ನಂಬಿದ್ದ ಒಬ್ಬರ ಮನಸ್ಸು ನೋಯಿಸಿದೀನಿ.

ಜೊತೆಗೆ ಕೆಲಸ ಮಾಡ್ತಿದ್ದ ಹಿರಿಯರೊಬ್ರು ತಿಂಗಳುಗಟ್ಟಲೆ ಕೂತು ಕೈಯಲ್ಲೇ ಬರೆದಿದ್ದ ರಿಪೋರ್ಟನ್ನ ಸ್ಕ್ಯಾನ್ ಮಾಡಿ ನನಗೆ ಕಳ್ಸಿದ್ರು, ಅದ್ರಲ್ಲಿ ಮೂರು ಪೇಜು ಪೂರ್ತಿ ಮಸುಕು, ಅಕ್ಷರಾನೇ ಕಾಣ್ತಿರ್ಲಿಲ್ಲ. ಇಲ್ಲೆಜಿಬಲ್ ಅಂದ್ರೆ ದೊಡ್ಡ ಪದ ಆಯ್ತು ಅಂದ್ಕೊಂಡು, ನಿಮ್ಮ ರಿಪೋರ್ಟ್ ಅನ್‌ರೀಡಬಲ್ ಆಗಿದೆ, ಮತ್ತೆ ಮಾಡಿ ಕಳ್ಸಿ ಅಂತ ಇಂಗ್ಲಿಷಲ್ಲಿ ಮೇಲ್ ಹಾಕ್ದೆ. ಅವರು ಓದ್ಕೊಂಡಿದ್ದು, ನೀವು ಬರೆದಿದ್ದು ಓದೋಕೆ ಲಾಯಕ್ಕಿಲ್ಲ ಅಂತ. ಯಾಕಂದ್ರೆ ಅನ್‌ರೀಡಬಲ್‌ಗೆ ಆ ಅರ್ಥಾನೂ ಇದೆ, ಅಕ್ಷರ ಸ್ಪಷ್ಟವಾಗೇ ಇರುತ್ತೆ, ಆದ್ರೆ ಬೋರು, ಜಟಿಲ, ನಾಲ್ಕು ಸಾಲು ಮುಂದೆ ಹೋಗೋಕಾಗಲ್ಲ. ಕನ್ನಡದಲ್ಲಿ ಎರಡಕ್ಕೂ ಓದೋಕಾಗ್ತಿಲ್ಲ ಅಂತೀವಲ್ಲ, ನಾನು ಎಡವಿದ್ದು ಅಲ್ಲೇ. ಅದೂ ಸ್ಕ್ಯಾನ್ ಅನ್ಲಿಲ್ಲ, ಮೂರು ಪೇಜು ಅನ್ಲಿಲ್ಲ, ರಿಪೋರ್ಟ್ ಅಂದೆ. ಮತ್ತೆ ಮಾಡಿ ಅಂದಿದ್ದು ಅವರಿಗೆ ಮತ್ತೆ ಬರೀರಿ ಅಂತ ಕೇಳಿಸ್ತು. ಅವರು ಉತ್ತರಾನೇ ಕೊಡ್ಲಿಲ್ಲ. ವಿಷಯ ಗೊತ್ತಾಗಿ ನಾನು ಕ್ಷಮೆ ಕೇಳೋ ಹೊತ್ತಿಗೆ ವರ್ಷ ಕಳ್ದಿತ್ತು, ಪರವಾಗಿಲ್ಲ ಬಿಡಪ್ಪ ಅಂದ್ರು, ಆದ್ರೆ ಆಮೇಲೆ ಒಂದು ಹಾಳೇನೂ ನನ್ನ ಕೈಗೆ ಓದೋಕೆ ಕೊಡ್ಲಿಲ್ಲ.

ಇಲ್ಲೆಜಿಬಲ್ ಅನ್ನೋದು ಕಣ್ಣಿಗೆ ಸಂಬಂಧಪಟ್ಟಿದ್ದು. ಕಾಗೆ ಕಾಲು ಗುಬ್ಬಿ ಕಾಲು ಅಂತೀವಲ್ಲ ಆ ಥರದ ಕೈಬರಹ, ಅಳಿಸಿಹೋದ ಸಹಿ, ನೀರು ಬಿದ್ದು ಹರಡಿದ ಇಂಕು, ಇದಕ್ಕೆಲ್ಲ ಅದೇ ಸರಿ. ಹಳೇ ಪತ್ರಗಳನ್ನ ನೋಡಿ ನಕಲು ಮಾಡೋರು ಗೊತ್ತಾಗದ ಪದದ ಜಾಗದಲ್ಲಿ ಚೌಕ ಬ್ರಾಕೆಟ್ ಹಾಕಿ ಇಲ್ಲೆಜಿಬಲ್ ಅಂತ್ಲೇ ಬರೀತಾರೆ. ಅನ್‌ರೀಡಬಲ್ ವ್ಯಾಪ್ತಿ ದೊಡ್ಡದು, ಮಸುಕು ಅಕ್ಷರಕ್ಕೂ ಬರುತ್ತೆ, ಕಂಪ್ಯೂಟರ್ ತೆಗೆಯೋಕಾಗದ ಫೈಲಿಗೂ ಬರುತ್ತೆ, ಮನಸ್ಸಲ್ಲಿ ಏನಿದೆ ಅಂತ ತೋರಿಸ್ದೇ ಇರೋ ಮುಖಕ್ಕೂ ಬರುತ್ತೆ. ಆ ಮುಖಕ್ಕೆ ಇಲ್ಲೆಜಿಬಲ್ ಅಂದ್ರೆ ಸರಿಹೋಗಲ್ಲ. ಅದಕ್ಕೇ ಇನ್ನೊಬ್ಬರು ಬರೆದಿದ್ದರ ಬಗ್ಗೆ ಹೇಳುವಾಗ ಅನ್‌ರೀಡಬಲ್ ಮುಟ್ಟಲೇಬೇಡಿ, ಯಾವ ಪೇಜು, ಯಾವ ಸಾಲು ಅಂತ ಹೇಳಿ ಇಲ್ಲೆಜಿಬಲ್ ಬಳಸಿ.

ಹಾಂ, ಇನ್ನೊಂದು, ಅರ್ಹತೆ ಇಲ್ಲ ಅನ್ನೋಕೆ ಕೆಲವರು ಇಲ್ಲೆಜಿಬಲ್ ಅಂತ ಬರೀತಾರೆ, ಅದು ಇನ್‌ಎಲಿಜಿಬಲ್, ಅಪ್ಲಿಕೇಶನ್ ಬರೆಯುವಾಗ ಸ್ಪೆಲಿಂಗ್ ಎರಡು ಸಲ ನೋಡ್ಕೊಳ್ಳಿ.