ಕಣ್ಣು ಕಾಣದ ವಿದ್ಯಾರ್ಥಿನಿಗೆ ಖಗೋಳ ವಿಜ್ಞಾನ ಹೇಳಿಕೊಡಲು 3ಡಿ ಪ್ರಿಂಟರ್ ಕೊಳ್ಳಬೇಕೇ, ನಾಸಾ ಚಿತ್ರಗಳನ್ನು ಶಬ್ದದಲ್ಲಿ ಕೇಳಿಸಿದರೆ ಸಾಕೇ?

ಸದ್ಯಕ್ಕೆ ಎರಡೂ ಬೇಡ ಮೇಡಂ. ಸೋಮವಾರಪೇಟೆಯ ನಿಮ್ಮ ವಿದ್ಯಾರ್ಥಿನಿಗೆ ಆಕಾಶದ ಚಿತ್ರ ತೋರಿಸೋದು ಹೇಗೆ ಅಂತ ನೀವು ಕೇಳಿದ್ದು ಓದುತ್ತಿದ್ದಂತೆ ವಿರಾಜಪೇಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹುಡುಗ ನೆನಪಾದ. ಪಿಯುಸಿ ಓದುತ್ತಿದ್ದ, ಹುಟ್ಟಿನಿಂದ ದೃಷ್ಟಿ ಇಲ್ಲ. ಪರದೆ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಹಾಕಿಕೊಂಡು ಕಂಪ್ಯೂಟರನ್ನು ನನಗಿಂತ ಚುರುಕಾಗಿ ಬಳಸುತ್ತಿದ್ದ.

ನಾನೂ ಮೊದಲು ಕೇಳಿಸಿದ್ದು ಅದನ್ನೇ. ಚಂದ್ರಾ ಎಂಬ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳನ್ನು ಶಬ್ದಕ್ಕೆ ತಿರುಗಿಸಿ ನಾಸಾ 2020ರಿಂದ ಹೊರತರುತ್ತಿದೆಯಲ್ಲ, ಅವು. ಪೂರ್ತಿ ಕೇಳಿದ ಮೇಲೆ ಅವನು ಅಂದ, "ಚೆನ್ನಾಗಿದೆ ಅಣ್ಣ, ಆದ್ರೆ ಇದ್ರಲ್ಲಿ ನಾನು ಕಂಡುಹಿಡಿಯೋದು ಏನಿದೆ?"

ಸರಿ ಅಂತ, ಬೇರೆ ನಕ್ಷತ್ರಗಳ ಗ್ರಹ ಹುಡುಕುವ ನಾಸಾದ ಟೆಸ್ ಉಪಗ್ರಹದ ದತ್ತಾಂಶ ಇಳಿಸಿಕೊಂಡೆ. ಆಕಾಶದ ಒಂದೊಂದು ಭಾಗವನ್ನು ಅದು ಸುಮಾರು 27 ದಿನ ನೋಡಿ ನಕ್ಷತ್ರಗಳ ಬೆಳಕು ಅಳೆಯುತ್ತೆ. ಗುರುವಿನಷ್ಟು ದೊಡ್ಡ ಗ್ರಹ ಸೂರ್ಯನಂಥ ನಕ್ಷತ್ರದ ಎದುರು ಹಾದರೆ ಬೆಳಕು ಶೇ. 1ರಷ್ಟು ತಗ್ಗುತ್ತೆ, ಆ ತಗ್ಗೇ ಗ್ರಹದ ಗುರುತು. ಬೆಳಕು ಏರಿದರೆ ಸ್ವರ ಮೇಲಕ್ಕೆ, ತಗ್ಗಿದರೆ ಕೆಳಕ್ಕೆ ಹೋಗುವಂತೆ ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದೆ. ಕೆಟ್ಟಿದ್ದು ಅಲ್ಲೇ.

ಟೆಸ್ ಭೂಮಿಗೆ ಒಂದು ಸುತ್ತು ಹಾಕಲು ಸುಮಾರು 13.7 ದಿನ ಬೇಕು. ನಡುವೆ ಅಳತೆ ನಿಲ್ಲಿಸಿ, ಕೂಡಿಟ್ಟ ಮಾಹಿತಿಯನ್ನು ಕೆಳಗೆ ಕಳಿಸುತ್ತೆ. ಆ ಹೊತ್ತಿನ ಸಾಲುಗಳು ಖಾಲಿ. ಪ್ರೋಗ್ರಾಂ ತಕರಾರು ಮಾಡದಿರಲಿ ಅಂತ ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬಿಬಿಟ್ಟೆ. ಗ್ರಾಫ್ ನೋಡುವಾಗ ನನ್ನ ಕಣ್ಣು ಅದನ್ನು ದಾಟಿ ಮುಂದೆ ಹೋಗುತ್ತಿತ್ತು. ಕಿವಿ ಹಾಗೆ ದಾಟಲಾರದು. ಅವನಿಗೆ ಕೇಳಿಸಿದ್ದು ನಡುಮಧ್ಯೆ ಗುಂಯ್ ಅನ್ನುವ ಉದ್ದನೆಯ ತಗ್ಗುಸ್ವರ. ಅಷ್ಟೇ ಅಲ್ಲ. ಸೊನ್ನೆ ಸೇರಿದ್ದರಿಂದ 0ಯಿಂದ 1ರವರೆಗಿನ ಅಳತೆ (1 ಅಂದರೆ ನಕ್ಷತ್ರದ ಪೂರ್ತಿ ಬೆಳಕು) ಎರಡು ಸ್ಥಾಯಿಗೆ, ಅಂದರೆ 24 ಸ್ವರಸ್ಥಾನಗಳಿಗೆ ಹರಡಿಕೊಂಡಿತು. ಅದರಲ್ಲಿ ಶೇ. 1 ಅಂದರೆ ಒಂದು ಸ್ವರಸ್ಥಾನದ ಕಾಲು ಭಾಗವೂ ಇಲ್ಲ. ಅಂದರೆ ಇಲ್ಲದ ಗ್ರಹಣ ಜೋರಾಗಿ ಕೇಳಿಸಿತು, ಇದ್ದ ಗ್ರಹ ಕೇಳಿಸಲೇ ಇಲ್ಲ.

ಅದನ್ನೇ ದೊಡ್ಡ ಶೋಧ ಅಂದುಕೊಂಡು ಅವನು ವಿಜ್ಞಾನ ಪ್ರದರ್ಶನಕ್ಕೆ ಒಯ್ದ. ತೀರ್ಪುಗಾರರೊಬ್ಬರು ಗ್ರಾಫ್ ಕಡೆ ಒಮ್ಮೆ ಕಣ್ಣಾಡಿಸಿ, "ಇಲ್ಲಿ ಡೇಟಾನೇ ಇಲ್ವಲ್ಲಪ್ಪ" ಅಂದರು. ಸುತ್ತ ನಿಂತವರು ನಕ್ಕರು. ತಪ್ಪು ನಂದು ಅಂತ ಆಮೇಲೆ ಹೇಳಿದೆ. "ನಿಮಗೆ ಕಾಣ್ತಿತ್ತಲ್ಲ ಅಣ್ಣ" ಅಂದ, ಅಷ್ಟೇ. ಮತ್ತೆ ಆ ವಿಷಯ ಎತ್ತಲಿಲ್ಲ, ಬಿಕಾಂಗೆ ಸೇರಿದ.

ಆದ್ದರಿಂದ, "ಚಿತ್ರ ತೋರಿಸೋದು ಹೇಗೆ" ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಚಂದ್ರಾ ಹಿಡಿಯುವುದು ಎಕ್ಸ್-ರೇ. ಅದು ನಿಮಗೂ ಕಾಣಲ್ಲ, ನನಗೂ ಕಾಣಲ್ಲ. ಬರೋದು ಅಂಕಿಗಳು, ಬಣ್ಣ ಆಮೇಲೆ ಹಚ್ಚಿದ್ದು. ನಮ್ಮ ಕೊಡಗಿನಲ್ಲೂ ಸುಗ್ಗಿ ಹಬ್ಬ ಪುತ್ತರಿಗೆ ರೋಹಿಣಿ ನಕ್ಷತ್ರದ ಲೆಕ್ಕ ನೋಡಿ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಮುಹೂರ್ತ ಇಡ್ತಾರೆ. ಗದ್ದೆಯಲ್ಲಿ ನಿಂತವರಲ್ಲಿ ರೋಹಿಣಿಯನ್ನು ಬೆರಳಿಟ್ಟು ತೋರಿಸುವವರು ಎಷ್ಟು ಜನ ಇದ್ದಾರು? ಕೋವಿ ಸದ್ದು ಕೇಳಿದ ಮೇಲೆ ತಾನೇ ಕದಿರು ಕೊಯ್ಯೋದು! ಪೋರ್ಟೊ ರಿಕೊದ ವಾಂಡಾ ಡಿಯಾಜ್ ಮರ್ಸೆಡ್ ದೃಷ್ಟಿ ಹೋದ ಮೇಲೆ ದತ್ತಾಂಶವನ್ನು ಕಿವಿಯಲ್ಲಿ ಕೇಳಿಯೇ ಖಗೋಳ ಸಂಶೋಧನೆ ಮುಂದುವರಿಸಿದರು.

ನಿಮ್ಮ ಹುಡುಗಿಗೆ ಅಂಕಿಗಳ ಫೈಲನ್ನೇ ಕೊಡಿ. ಎನ್‌ವಿಡಿಎ ಉಚಿತ, ಒಂದೊಂದು ಸಾಲನ್ನೂ ಓದಿ ಹೇಳುತ್ತೆ. ಅಂಕಿಗಳನ್ನು ಶಬ್ದಕ್ಕೆ ತಿರುಗಿಸಲು ಆಸ್ಟ್ರೋನಿಫೈ ಅನ್ನುವ ತಂತ್ರಾಂಶ ಇದೆ, ಅದಕ್ಕೂ ದುಡ್ಡು ಬೇಡ. ಶುರುವಿಗೆ ಅತಿ ಮೇಲಿನ ಸ್ವರ, ಅತಿ ಕೆಳಗಿನ ಸ್ವರ ಎರಡನ್ನೂ ಕೇಳಿಸಿ, ಯಾವುದು ಎಷ್ಟು ಬೆಳಕು ಅಂತ ಹೇಳಿ. ಖಾಲಿ ಜಾಗ ಮೌನವಾಗಿಯೇ ಇರಲಿ, ಅದರ ಎರಡು ತುದಿಗೂ ಟಕ್ ಅನ್ನುವ ಬೇರೆಯೇ ಸದ್ದು ಇಡಿ. ವೇಗ ಹೆಚ್ಚುಕಮ್ಮಿ ಮಾಡುವ ಕೀಲಿ ಅವಳ ಕೈಯಲ್ಲೇ ಇರಲಿ. ಗ್ರಾಫ್ ಮುಟ್ಟಿ ನೋಡಬೇಕು ಅಂದರೆ ರಟ್ಟಿನ ಮೇಲೆ ಫೆವಿಕಾಲ್ ಹಚ್ಚಿ ದಪ್ಪ ದಾರ ಅಂಟಿಸಿ.

ಗ್ಯಾಲಕ್ಸಿಗಳ ಆಕಾರ ತಿಳಿಯಲು 3ಡಿ ಮಾದರಿ ಒಳ್ಳೆಯದೇ, ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದವರು ಮಾಡಿದ್ದಾರೆ. ಆದರೆ ನಮ್ಮ ಮಳೆಗಾಲದ ಕರೆಂಟ್ ನಂಬಿ ಗಂಟೆಗಟ್ಟಲೆ ಪ್ರಿಂಟ್ ಹಾಕ್ತೀರಾ? ಆ ದುಡ್ಡಲ್ಲಿ ಅವಳಿಗೊಂದು ಲ್ಯಾಪ್‌ಟಾಪ್ ಕೊಡಿಸಿ. ಒಳ್ಳೆ ಇಯರ್‌ಫೋನನ್ನೂ ಜೊತೆಗೆ ಕೊಡಿಸಿ.